ಹಲ್ಲು ಕಡಿದದ್ದು ಯಾರು?

ಮೊನ್ನೆ ಹುಕ್ಕಿನ ಡಬ್ಬಿ ಹುಡುಕುತ್ತ ಮಷಿನ್ನಿನ ಖಾನೆಗೆ ಕೈ ಹಾಕಿದರೆ ನನ್ನ ಹಲ್ಲಿನ ಡಬ್ಬಿ ಸಿಕ್ಕಿತು. ಹಲ್ಲಿನ ಡಬ್ಬಿ ಎಂದ ಕೂಡಲೇ ಹಲ್ಲಿನ ಸೆಟ್ ಎಂದುಕೊಳ್ಳಬೇಡಿ. ದೇವರ ದಯೆಯಿಂದ ಒಂದನ್ನು ಬಿಟ್ಟು ಉಳಿದ ಹಲ್ಲುಗಳೆಲ್ಲ ನನ್ನ ಬಾಯಲ್ಲೇ ಇವೆ. ಆ ಒಂದು ಎಲ್ಲಿ ಹೋಯಿತೆಂದು ಆಮೇಲೆ ಹೇಳುತ್ತೇನೆ. ಇದು ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ನೀಲಿ ಡಬ್ಬಿ. ಒಳಗೆ ಕುದುರೆ ಲಾಳದ ಆಕಾರದ, ಗಾಜಿನ ಬಣ್ಣದ ಪ್ಲಾಸ್ಟಿಕ್ ಕವಚ. ರವಿಕೆ ಹೊಲಿಸಲು ಬಂದಿದ್ದ ಹೊಸ ಮದುಮಗಳೊಬ್ಬಳು ಅದನ್ನು ಬೆಳಕಿಗೆ ಎತ್ತಿ ಹಿಡಿದು, "ಜಲಜಕ್ಕ, ಇದ್ ಯಾವ ನಮೂನಿ ಕಾಲರ್?" ಎಂದು ಕೇಳಿದಳು. ಕಾಲರ್ ಅಲ್ಲ ಮಾರಾಯ್ತಿ, ಮಲಗುವಾಗ ನನ್ನ ಹಲ್ಲಿಗೆ ತೊಡಿಸುವ ಅಂಗಿ ಎಂದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಅವಳದ್ದೇನೂ ತಪ್ಪಿಲ್ಲ, ನನಗೇ ಅದು ಅರ್ಥವಾಗಲು ಹದಿಮೂರು ವರ್ಷ ಬೇಕಾಯಿತು. ಅರ್ಥವಾಯಿತು ಎಂದು ಎದೆ ತಟ್ಟಿ ಹೇಳುವ ಧೈರ್ಯ ಈಗಲೂ ಇಲ್ಲ.

ಈ ಡಬ್ಬಿಯ ವಿಷಯ ಎತ್ತಿದರೆ ಒಂದು ಅನ್ಯಾಯದ ವಿಷಯವನ್ನೂ ಎತ್ತಲೇಬೇಕು. ನನ್ನ ದವಡೆಯ ಕಾಯಿಲೆಗೆ ನಾನು ಮೂರು ವರ್ಷ ನನ್ನ ಮಗಳಿಗೆ ಕಹಿ ಮದ್ದು ಕುಡಿಸಿದ್ದೇನೆ. ಗೊತ್ತಿದ್ದು ಮಾಡಿದ್ದಲ್ಲ, ಆದರೂ ಮಾಡಿದವಳು ನಾನೇ. ಅದನ್ನು ಅವಳೆದುರು ಒಪ್ಪಿಕೊಳ್ಳಬೇಕೆಂದು ಹೊರಟಾಗ ಇನ್ನೊಂದು ಗೊಂದಲ ಎದುರಾಯಿತು. ಎಲ್ಲಿಂದ ಶುರುಮಾಡಲಿ? ಪಿನ್ನಿನಿಂದ ಶುರುಮಾಡುತ್ತೇನೆ.

ತೆಕ್ಕಟ್ಟೆಯಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಹೊಲಿಗೆ ಅಂಗಡಿ. ಒಂದು ಮಷಿನ್, ಒಂದು ಬೆಂಚು, ಒಂದು ಕನ್ನಡಿ, ಅಳತೆ ನೋಡಲು ಒಂದು ಪರದೆ. ಕೆಲಸ ಕಲಿತ ದಿನದಿಂದ ನನ್ನ ಬಾಯಿ ನನ್ನ ಮೂರನೆಯ ಕೈ. ನೂಲು ತುಂಡು ಮಾಡಲು ಕತ್ತರಿ ಹುಡುಕುತ್ತ ಕೂರುವವರು ಯಾರು? ಮುಂದಿನ ಹಲ್ಲಿಗೆ ಸಿಕ್ಕಿಸಿ ಕಟಕ್ ಎಂದರೆ ಆಯಿತು. ಬಟ್ಟೆಯನ್ನು ಮೈಮೇಲೆ ಹಿಡಿದು ಸರಿ ಮಾಡುವಾಗ ನಾಲ್ಕೈದು ಗುಂಡುಪಿನ್ನುಗಳು ನನ್ನ ಹಲ್ಲುಗಳ ನಡುವೆ ಇರಲೇಬೇಕು. ಇದರಿಂದ ನನಗೊಂದು ವಿಚಿತ್ರ ಮರ್ಯಾದೆ ಸಿಕ್ಕಿತು. ಪಿನ್ನು ಕಚ್ಚಿಕೊಂಡವಳು "ಹ್ಞೂಂ" ಎನ್ನುವುದನ್ನು ಬಿಟ್ಟರೆ ಬೇರೇನೂ ಹೇಳಲಾರಳಷ್ಟೆ. ಗುಟ್ಟು ಹೇಳಿಕೊಳ್ಳಲು ಹೆಂಗಸರಿಗೆ ಇಂಥವಳಿಗಿಂತ ಒಳ್ಳೆಯವರು ಎಲ್ಲಿ ಸಿಗಬೇಕು? ಸೊಸೆಯ ದೂರು, ಅತ್ತೆಯ ದೂರು, ಗಂಡನ ಕುಡಿತ, ಮಗಳ ಜಾತಕ, ಎಲ್ಲವನ್ನೂ ಎರಡೂ ಕೈ ಅಗಲಿಸಿ ನಿಂತುಕೊಂಡು ನನ್ನೆದುರು ಹೇಳುತ್ತಿದ್ದರು. "ಜಲಜಕ್ಕನ ಹತ್ರ ಹೇಳ್ರೆ ಮಾತ್ ಹೊರಗ್ ಹೋತಿಲ್ಲ" ಎಂದು ಹೆಸರಾಯಿತು. ಬ್ರಹ್ಮಾವರದಲ್ಲಿ ಬೇಕಾದಷ್ಟು ದರ್ಜಿಗಳಿದ್ದರೂ ಅಲ್ಲಿಂದ ಬಸ್ಸು ಹತ್ತಿ ನನ್ನಲ್ಲಿಗೆ ರವಿಕೆ ತರುವವರಿದ್ದರು. ನಾನು ಬಲು ಗಂಭೀರ ಹೆಂಗಸು ಎಂದು ಅವರು ತಿಳಿದಿದ್ದರು. ಬಾಯಲ್ಲಿ ಪಿನ್ನಿತ್ತು, ಅಷ್ಟೇ.

ತೊಂಬತ್ತೇಳರಲ್ಲಿ ನಮ್ಮ ಮನೆಯಲ್ಲಿ ನಾವು ಮೂರು ಹೆಣ್ಣುಗಳು. ನಾನು, ನನ್ನ ಅತ್ತೆ, ಆರು ವರ್ಷದ ಮಗಳು ಶ್ರುತಿ. ಯಜಮಾನರು ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವರು, ವರ್ಷಕ್ಕೊಮ್ಮೆ ಇಪ್ಪತ್ತು ದಿನ ಊರಿಗೆ ಬರುವವರು. ಭಾನುವಾರ ಹತ್ತು ಗಂಟೆಗೆ ನನ್ನ ಅಂಗಡಿಯ ಪಕ್ಕದ ಬೇಕರಿಗೆ ಅವರ ಫೋನು. ಹತ್ತಕ್ಕೆ ಬರಬೇಕಾದ ಫೋನು ಹತ್ತೂಕಾಲಾದರೂ ಬರದಿದ್ದರೆ ನನಗೆ ಮಷಿನ್ ತುಳಿಯಲು ಕಾಲೇ ಬರುತ್ತಿರಲಿಲ್ಲ. ಬೇಕರಿಯವರು "ಹ್ವಾಯ್ ಜಲಜಕ್ಕ, ಬೊಂಬಾಯಿ!" ಎಂದು ಕೂಗಿದರೆ ಪಿನ್ನು ಉಗುಳಿ ಓಡುವುದು. ಓಡಿ ಹೋಗಿ ಮಾತಾಡುವುದೆಂತ? "ಸೌಖ್ಯವಾ? ಹ್ಞಾಂ, ಸೌಖ್ಯ. ಮಳೆ ಬಂತಾ? ಹ್ಞಾಂ, ಬಂತು." ಹೇಳಬೇಕೆಂದುಕೊಂಡದ್ದು ಒಂದೂ ನೆನಪಾಗುವುದಿಲ್ಲ. ಬೇಕರಿಯಲ್ಲಿ ಬನ್ನು ಕೊಳ್ಳಲು ಬಂದವರೆಲ್ಲ ಕಿವಿಗೊಟ್ಟು ನಿಂತಿರುವಾಗ ನೆನಪಾಗುವುದಾದರೂ ಹೇಗೆ?

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಅತ್ತೆ ಲೋಟ ಕೆಳಗಿಟ್ಟು, "ರಾತ್ರಿ ನಿಮ್ ಕೋಣಿಯಂಗೆ ಹಲ್ಲ್ ಕಡದ್ದ್ ಯಾರ್?" ಎಂದು ಕೇಳಿದರು. ನಾನೂ ಶ್ರುತಿಯೂ ಮಲಗುವ ಕೋಣೆಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ.

"ನಂಗೊತ್ತಿಲ್ಲ ಅತ್ತೆ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಕರ್ ಕರ್ ಅಂದೇಳಿ, ಒಳ್ಳೆ ಬೀಸುಕಲ್ಲ್ ತಿರ್ಗ್ಸ್ದಾಂಗೆ! ಹೆಂಗ್ಸ್ರ್ ಹಂಗೆಲ್ಲ ಹಲ್ಲ್ ಕಡೂಕಾಗ ಜಲಜ. ದೂರ್ದಂಗೆ ಇಪ್ಪ ಗಂಡನ್ಗ್ ಆಪ್ದಲ್ಲ."

ನನ್ನ ಕೈಯ ಲೋಟ ಅಲ್ಲೇ ನಿಂತಿತು. ಹೇಳಬಾರದು, ಅಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ಗಂಡ ಬೊಂಬಾಯಿಯಲ್ಲಿರುವಾಗ ನಂಬದಿರುವುದೂ ಅಷ್ಟು ಸುಲಭವಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತು ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದ ಶ್ರುತಿ ತಲೆಯೆತ್ತಿ, "ಅದ್ ನಾನ್ ಅಜ್ಜಿ. ನಾನೇ ಕಡದ್ದ್" ಎಂದಳು.

ಅತ್ತೆಯ ಮುಖ ಸಡಿಲವಾಯಿತು. "ಹಾಂಗಾರೆ ಹುಳ. ಹೊಟ್ಟಿಯಂಗೆ ಹುಳ ಆಯಿತ್ತ್ ಕಾಣ್" ಎಂದು ಲೋಟ ಎತ್ತಿಕೊಂಡರು.

ನೋಡಿ, ಸದ್ದು ಒಂದೇ. ದೊಡ್ಡವಳ ಬಾಯಿಂದ ಬಂದರೆ ಅದು ಸೀದಾ ಬೊಂಬಾಯಿಗೆ ಹೋಗಿ ಗಂಡನನ್ನು ಹಿಡಿಯುತ್ತದೆ, ಚಿಕ್ಕವಳ ಬಾಯಿಂದ ಬಂದರೆ ಅವಳ ಹೊಟ್ಟೆಯಲ್ಲೇ ಹುಳವಾಗಿ ಉಳಿಯುತ್ತದೆ. ಇದು ಯಾವ ವೈದ್ಯಶಾಸ್ತ್ರವೋ ನನಗೆ ಇವತ್ತಿಗೂ ತಿಳಿಯದು. ಅವತ್ತು ಮಾತ್ರ ನಾನು ಏನೂ ಕೇಳಲಿಲ್ಲ. ಸದ್ಯ ನಾನಲ್ಲವಲ್ಲ ಎಂದು ನನಗೆ ಎಷ್ಟು ನಿರಾಳವಾಯಿತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂದಿನಿಂದ ಶುರುವಾಯಿತು ಹಾಗಲ ಸೊಪ್ಪಿನ ರಸ. ನಮ್ಮ ಹಿತ್ತಿಲಿನಲ್ಲಿ ಬಾವಿಯ ಕಟ್ಟೆಗೆ ಹಬ್ಬಿದ್ದ ಹಾಗಲ ಬಳ್ಳಿ ಬೇಸಗೆಯಲ್ಲೂ ಸಾಯುತ್ತಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಹುಳ ಏಳುತ್ತವೆ, ಆಗಲೇ ಹೊಡೆಯಬೇಕು ಎಂದು ಅತ್ತೆಯ ಲೆಕ್ಕ. ಹಾಗಾಗಿ ತಿಂಗಳಿಗೆ ಎರಡು ಬಾರಿ ಬೆಳಿಗ್ಗೆ ಸೊಪ್ಪು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ, ಚೂರು ಉಪ್ಪು ಹಾಕಿ ಒಂದು ಸಣ್ಣ ಲೋಟ. ಹಿಂಡುವುದು ಅತ್ತೆ, ಕುಡಿಸುವುದು ನಾನು. "ಮೂಗ್ ಹಿಡ್ಕೊ ಹೆಣೆ, ಒಂದೇ ಸಲಕ್ಕೆ ಕುಡಿ, ಕಾಣ್ಕಂಡ್ ಕೂಕಣ್ಬೇಡ" ಎಂದು, ಲೋಟ ನೋಡುತ್ತ ಕೂರಲು ಬಿಡದೆ ಅವಸರಪಡಿಸುತ್ತಿದ್ದೆ. ಅವಳು ಮೂಗು ಹಿಡಿದು, ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದಳು. ಅಳುತ್ತಿರಲಿಲ್ಲ. ಅಳದ ಮಗು ಎಂದು ನಾನು ಅಂಗಡಿಯಲ್ಲಿ ಗಿರಾಕಿಗಳೆದುರು ಹೊಗಳಿಕೊಂಡದ್ದೂ ಇದೆ, ಪಿನ್ನು ಪಕ್ಕಕ್ಕಿಟ್ಟು.

ರಸ ಕುಡಿದ ಮೇಲೆ ಬಾಯಿಗೆ ಒಂದು ಚೂರು ಬೆಲ್ಲ ಕೊಡೋಣವೆಂದರೆ ಅದಕ್ಕೂ ಅತ್ತೆಯ ತಡೆ. ಸಿಹಿ ತಿಂದರೆ ಹುಳ ಹೆಚ್ಚುತ್ತವಂತೆ. ಬೆಲ್ಲ ಇಲ್ಲ, ಮಿಠಾಯಿ ಇಲ್ಲ, ಬೇಕರಿಯ ಕೇಕು ಇಲ್ಲ. ಚೌತಿಯ ಪಂಚಕಜ್ಜಾಯ ಒಂದು ಚಿಟಿಕೆ, ಅದೂ ಪ್ರಸಾದ ಬೇಡವೆನ್ನಬಾರದು ಎಂದು. ಹಾಲಾಡಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆಯಾದಾಗ ಹೋಳಿಗೆ ಬಡಿಸಲು ಬಂದವರಿಗೆ ಈ ಮಗು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಂಗ್ ಹುಳ ಇತ್ತ್, ಬೇಡ" ಎಂದಿತು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಅವಳ ಪಾಲಿನ ಹೋಳಿಗೆಯನ್ನು ನನ್ನ ಎಲೆಗೆ ಹಾಕಿಸಿಕೊಂಡೆ.

ಮೂರು ವರ್ಷವಾದ ಮೇಲೆ ಹುಳ ಸತ್ತವು. ಹೇಗೆ ಸತ್ತವು ಎಂದು ಕೇಳುತ್ತೀರಾ? ಅತ್ತೆಯ ಕಿವಿ ಮಂದವಾಯಿತು. ಹಲಗೆ ಗೋಡೆಯಾಚೆಯ ಸದ್ದು ಅವರಿಗೆ ಕೇಳದಾಯಿತು. "ಈಗ ಹಲ್ಲ್ ಕಡೂದ್ ನಿಂತಿತ್, ಕಂಡ್ಯಾ? ಹಾಗಲ ಸೊಪ್ಪ್ ಅಂದ್ರೆ ಸಾಮಾನ್ಯವಾ!" ಎಂದು ಅವರು ಬೀಗಿದರು. ನಾನೂ ಹೌದೆಂದೆ.

ಈ ನಡುವೆ ನನ್ನ ಕತೆ ಬೇರೆಯೇ ನಡೆದಿತ್ತು. ಬೆಳಿಗ್ಗೆ ಎದ್ದರೆ ಬಲಗಿವಿಯ ಮುಂದೆ ನೋವು. ಕೆನ್ನೆ ಬಿಗಿದುಕೊಂಡು, ತಲೆಯ ಬದಿ ಭಾರವಾಗಿ, ಬಾಯಿ ದೊಡ್ಡದು ಮಾಡಿದರೆ ಟಕ್ ಎಂದು ಸದ್ದು. ಕಿವಿಯ ಹತ್ತಿರ ನೋವು ಬಂದರೆ ಅದು ಕಿವಿಯದ್ದೇ ಎಂದು ಯಾರಿಗಾದರೂ ಅನಿಸುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಶಾಖ ಕೊಟ್ಟಾಗ ಹಾಯೆನಿಸುತ್ತಿತ್ತು, ಆದರೆ ಹಾಯೆನಿಸಿದ್ದು ಕಿವಿಗೋ ಕೆನ್ನೆಗೋ ಹೇಳಲು ಬರುತ್ತಿರಲಿಲ್ಲ. ಕುಂದಾಪುರದ ಕಿವಿ ಡಾಕ್ಟರಲ್ಲಿಗೆ ಹೊರಟ ದಿನ ಬಸ್ಸಿನಲ್ಲಿ ಒಂದು ಆಕಳಿಕೆ ಬಂತು. ಟಕ್ ಎಂದದ್ದಕ್ಕೆ ಪಕ್ಕದಲ್ಲಿ ಕೂತ ಮೀನಿನ ಹೆಂಗಸು ತನ್ನ ಬುಟ್ಟಿಯ ಕಡ್ಡಿ ಮುರಿಯಿತೆಂದು ಬಗ್ಗಿ ನೋಡಿದಳು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಕಿವಿ ಲಾಯ್ಕ್ ಇತ್ತಲ್ಲ" ಎಂದರು. ಚೆನ್ನಾಗಿದ್ದ ಕಿವಿಯನ್ನೇ ಹೊತ್ತುಕೊಂಡು ನೋವಿನ ಜೊತೆ ಮನೆಗೆ ಬಂದೆ.

ಕಿವಿಯದ್ದಲ್ಲದಿದ್ದರೆ ಹಲ್ಲಿನದ್ದೇ ಇರಬೇಕು. ಬ್ರಹ್ಮಾವರದಲ್ಲಿ ಒಬ್ಬರು ವಯಸ್ಸಾದ ಹಲ್ಲಿನ ಡಾಕ್ಟರಿದ್ದರು, ಮಾತು ಕಡಿಮೆ. ಬಲಗಡೆಯ ಕೊನೆಯ ಹಲ್ಲಿಗೆ ಬೆರಳಿಟ್ಟು, "ಇದನ್ನೇ ತೆಗೀರಿ" ಎಂದೆ. ಅವರು ಕಡ್ಡಿಯಿಂದ ಕುಟ್ಟಿ ನೋಡಿ ಅದು ಗಟ್ಟಿಯಾಗಿದೆ ಎಂದರು. ಗಟ್ಟಿಯಿದ್ದರೆ ಇರಲಿ, ನೋವು ಅದರದ್ದೇ, ನನಗೆ ಗೊತ್ತಿಲ್ಲವೇ ಎಂದು ಹಟ ಹಿಡಿದೆ. ಗಿರಾಕಿ ಕೇಳಿದ ಹಾಗೆ ಹೊಲಿದುಕೊಡುವುದು ನನ್ನ ಕಸುಬಿನ ಧರ್ಮ, ಡಾಕ್ಟರೂ ಹಾಗೇ ಇರಬೇಕೆಂದು ನನ್ನ ತಿಳಿವಳಿಕೆ. ಎರಡು ಬಾರಿ ಹೋಗಿ ಹಟ ಮಾಡಿದ ಮೇಲೆ ಹಲ್ಲು ಕೈಗೆ ಬಂತು. ಬಿಳಿಯದು, ದುಂಡಗಿನದು, ಒಂದು ಕಪ್ಪು ಚುಕ್ಕೆಯಿಲ್ಲ. ನೋವು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಆ ಹಲ್ಲು ಹೀಗೆ ಹೋಯಿತು.

ಹೀಗೆ ವರ್ಷಗಳು ಸರಿದವು. ನೋವು ಬರುವುದು, ಹೋಗುವುದು, ನಾನು ಅದಕ್ಕೆ ಒಗ್ಗಿಕೊಂಡೆ. ಶ್ರುತಿ ದೊಡ್ಡವಳಾದಳು, ಆದರೂ ನನ್ನ ಪಕ್ಕದಲ್ಲೇ ಮಲಗುವುದು, ಚಿಕ್ಕಂದಿನ ಅಭ್ಯಾಸದಂತೆ ಒಂದು ಕೈ ನನ್ನ ಕೆನ್ನೆಯ ಮೇಲೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆವರಿನ ಕೈ ಕೆನ್ನೆಗೆ ಅಂಟಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? "ಕೈ ತೆಗಿ ಹೆಣೆ, ಸೆಕಿ" ಎಂದು ಎಷ್ಟು ಸಲ ತಳ್ಳಿದ್ದೇನೋ. ಎರಡು ಸಾವಿರದ ಒಂಬತ್ತರಲ್ಲಿ ಅವಳು ನರ್ಸಿಂಗ್ ಓದಲು ಮಂಗಳೂರಿಗೆ ಹೋಗಿ ಹಾಸ್ಟೆಲ್ ಸೇರಿದಳು. ಕೆನ್ನೆ ತಣ್ಣಗಾಯಿತು.

ಅವಳು ಹೋಗಿ ಕೆಲವು ತಿಂಗಳಲ್ಲಿ ಒಂದು ಬೆಳಿಗ್ಗೆ ಇಡ್ಲಿ ಬಾಯಿಗಿಡಲು ಹೋದರೆ ಬಾಯಿ ತೆರೆಯಲೇ ಇಲ್ಲ. ಒಂದು ಬೆರಳು ಹೋಗುವಷ್ಟು ತೆರೆಯಿತು, ಅಲ್ಲಿಗೆ ನಿಂತಿತು. ಬಲ ಮಾಡಿದರೆ ಕಿವಿಯ ಮುಂದೆ ಚೂರಿ ಹಾಕಿದಂತೆ ನೋವು. ನನಗೆ ನಿಜವಾಗಿ ಹೆದರಿಕೆಯಾಯಿತು. ಇನ್ನು ಊಟ ಹೇಗೆ, ಮಾತು ಹೇಗೆ, ಮಗಳು ಫೋನು ಮಾಡಿದರೆ ಏನು ಹೇಳಲಿ? ಅತ್ತೆ ನನ್ನ ಮುಖ ನೋಡಿ, "ಕಣ್ಣ್ ಬಿದ್ದಿತ್. ಅಂಗ್ಡಿಗೆ ಬಪ್ಪು ಹೆಂಗ್ಸ್ರ್ ಕಣ್ಣೇ" ಎಂದು ತೀರ್ಪು ಕೊಟ್ಟು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನ ಘಾಟಿಗೆ ನನಗೆ ಕೆಮ್ಮು ಬಂತು. ಬಾಯಿ ಮುಚ್ಚಿಕೊಂಡೇ ಕೆಮ್ಮುವ ಕಷ್ಟ ಯಾರಿಗೂ ಬೇಡ. ನಾಲ್ಕು ದಿನ ಕುಚ್ಚಲಕ್ಕಿ ಗಂಜಿಯ ತಿಳಿ ಕುಡಿದೆ. ಐದನೆಯ ದಿನ ಬೈಂದೂರಿನ ಬಸ್ಸು ಹತ್ತಿದೆ.

ಕುಂದಾಪುರ ದಾಟಿ ಬೈಂದೂರಿಗೆ ಯಾಕೆ ಎಂದರೆ, ಅಲ್ಲಿ ಹೊಸದಾಗಿ ಕ್ಲಿನಿಕ್ ಹಾಕಿದ ಹಲ್ಲಿನ ಡಾಕ್ಟರ ತಾಯಿ ನನ್ನ ಗಿರಾಕಿ. ಮಗನ ಓದು, ಮಗನ ಮದುವೆ, ಎಲ್ಲ ನನಗೆ ಪಿನ್ನಿನ ಸಮೇತ ಬಾಯಿಪಾಠ. ಹುಡುಗ ಡಾಕ್ಟರು ನನ್ನ ಬಾಯಿಯೊಳಗೆ ನೋಡುವ ಮೊದಲೇ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, "ನಿಧಾನ ಬಾಯಿ ತೆಗಿನಿ. ಮುಚ್ಚಿ. ಮತ್ತೊಂದ್ ಸಲ" ಎಂದರು. ಇಷ್ಟು ವರ್ಷದಲ್ಲಿ ನೋವಿದ್ದ ಜಾಗಕ್ಕೆ ಸರಿಯಾಗಿ ಬೆರಳಿಟ್ಟವರು ಅವರೊಬ್ಬರೇ. ಕಣ್ಣಲ್ಲಿ ನೀರು ಬಂತು, ನೋವಿಗೋ ಸಂತೋಷಕ್ಕೋ ಗೊತ್ತಾಗಲಿಲ್ಲ. ಆಮೇಲೆ ಸಣ್ಣ ಕನ್ನಡಿ ಹಾಕಿ ಹಲ್ಲು ನೋಡಿದರು.

"ಅಮ್ಮ, ನೀವ್ ಹಲ್ಲ್ ಕಡಿತ್ರಿ ಅಲ್ದಾ?"

"ನಾನಲ್ಲ, ನನ್ ಮಗ್ಳ್. ಈಗ ಅಲ್ಲ, ಸಣ್ಣಿಪ್ಪತ್ತಿಗೆ, ಆರ್ ವರ್ಷದಂಗೆ. ಹುಳ ಇತ್ತ್" ಎಂದೆ, ತೆರೆದಷ್ಟು ಬಾಯಲ್ಲಿ.

ಡಾಕ್ಟರು ಕನ್ನಡಿ ಕೆಳಗಿಟ್ಟರು. "ಮಗ್ಳ್ ಕಡದ್ರೆ ನಿಮ್ ಹಲ್ಲ್ ಸವೆತ್ತಾ?"

ನನ್ನ ಹಲ್ಲುಗಳನ್ನು ನನಗೇ ಕನ್ನಡಿಯಲ್ಲಿ ತೋರಿಸಿದರು. ಅಗಿಯುವ ಹಲ್ಲುಗಳ ಏರುತಗ್ಗೆಲ್ಲ ಹೋಗಿ, ತಿಕ್ಕಿ ತಿಕ್ಕಿ ಚಪ್ಪಟೆಯಾಗಿದ್ದವು. ಮುಂದಿನ ಎರಡು ಹಲ್ಲುಗಳಲ್ಲಿ ನೂಲು ಕಡಿದ ಜಾಗಕ್ಕೆ ಸರಿಯಾಗಿ ಸಣ್ಣ ಕಚ್ಚು ಬಿದ್ದಿತ್ತು. ದವಡೆ ತಲೆಗೆ ಸೇರುವ ಕೀಲು ಕಿವಿಯ ಮುಂದೆಯೇ ಇದೆ, ಅದರ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ, ಇಡೀ ದಿನ ಪಿನ್ನು ಕಚ್ಚಿ, ಮಲಗಿದಾಗ ಹಲ್ಲು ಕಡಿದು ಕಡಿದು ಸ್ನಾಯು ಬಿಗಿದಿದೆ, ಬಿಲ್ಲೆ ಜಾರಿದೆ, ಅದಕ್ಕೇ ಟಕ್ ಎನ್ನುತ್ತಿದ್ದದ್ದು, ಈಗ ಸಿಕ್ಕಿಕೊಂಡದ್ದು ಎಂದರು. ಬಾಬಿನ್ ತನ್ನ ಜಾಗ ಬಿಟ್ಟರೆ ಮಷಿನ್ ಹೇಗೆ ಸಿಕ್ಕಿಕೊಳ್ಳುತ್ತದೆಂದು ನನಗೆ ಗೊತ್ತಲ್ಲ, ಇಷ್ಟು ಮಟ್ಟಿಗೆ ಅರ್ಥವಾಯಿತು. "ಮನ್ಸಿಗ್ ಎಂತಾರೂ ಬೇಜಾರ್ ಇತ್ತಾ?" ಎಂದು ಕೇಳಿದರು. ಎಂತದ್ದೂ ಇಲ್ಲ ಎಂದೆ. ಹೇಳುವಾಗ ಹಲ್ಲು ಕಚ್ಚಿಕೊಂಡಿದ್ದೆ ಎಂದು ಅವರೇ ತೋರಿಸಿಕೊಟ್ಟರು.

ಬಿಸಿನೀರಿನ ಬಟ್ಟೆಯ ಶಾಖ, ಕೆಲವು ವಾರ ಮೆತ್ತನೆಯ ಊಟ, ಎರಡೂ ಬದಿಯಲ್ಲಿ ಅಗಿಯುವುದು, ಆಕಳಿಕೆ ಬಂದರೆ ಗಲ್ಲಕ್ಕೆ ಮುಷ್ಟಿ ಕೊಡುವುದು. ಕೋಳಿ ಎಲುಬು ಮುಟ್ಟುವಂತಿಲ್ಲ, ಚಕ್ಕುಲಿ ನೋಡುವಂತಿಲ್ಲ. ದವಡೆಯನ್ನು ಮೆಲ್ಲಗೆ ಆಡಿಸುವ ವ್ಯಾಯಾಮ. ಮಲಗುವಾಗ ಹಾಕಿಕೊಳ್ಳಲು ಅಳತೆ ತೆಗೆದು ಮಾಡಿದ ಈ ಕವಚ. ಅಳತೆ ತೆಗೆಸಿಕೊಳ್ಳುವವರ ಸ್ಥಿತಿ ಏನೆಂದು ನನಗೆ ಅವತ್ತೇ ತಿಳಿದದ್ದು. ಇದೆಲ್ಲ ಆಗಲಿ. ಆದರೆ ಕೊನೆಗೆ, "ಊಟ ಮಾಡ್ವತಿಗ್ ಬಿಟ್ರೆ ಹಲ್ಲಿಗ್ ಹಲ್ಲ್ ತಾಗೂಕಾಗ. ತುಟಿ ಮುಚ್ಚಿರ್ಕ್, ಹಲ್ಲ್ ಬಿಟ್ಟಿರ್ಕ್" ಎಂದರಲ್ಲ, ಅದು ತಲೆಗೆ ಹೋಗಲಿಲ್ಲ. ನಲವತ್ತೆರಡು ವರ್ಷ ನಾನು ಹಲ್ಲಿನ ಮೇಲೆ ಹಲ್ಲು ಕೂರಿಸಿಕೊಂಡೇ ಬದುಕಿದ್ದೆ. ಬಾಯಿ ಮುಚ್ಚಿದರೆ ಹಲ್ಲು ತಾಗದೆ ಮತ್ತೆಲ್ಲಿಗೆ ಹೋಗುತ್ತದೆ? ನೀವೂ ಈಗ ನೋಡಿಕೊಳ್ಳುತ್ತಿದ್ದೀರಿ, ನನಗೆ ಗೊತ್ತು.

ಹೊರಡುವಾಗ ಒಂದು ಮಾತು ಕೇಳಿದೆ. "ಇಷ್ಟ್ ವರ್ಷ ಕಡದ್ರೂ ನಂಗ್ ಗೊತ್ತಾಯ್ಲಿಲ್ಲ ಅಲ್ದಾ ಡಾಕ್ಟ್ರೇ?"

"ಕಡುವವ್ರಿಗ್ ಗೊತ್ತಾಪ್ದಿಲ್ಲ ಅಮ್ಮ. ಬದಿಯಂಗೆ ಮಲ್ಕಂಡವ್ರಿಗೇ ಗೊತ್ತಾಪ್ದ್."

ವಾಪಸು ಬರುವ ಬಸ್ಸು ಮರವಂತೆಗೆ ಬಂದಾಗ ಎಲ್ಲರೂ ಕಡಲಿನ ಕಡೆ ನೋಡಿದರು. ನನಗೆ ಕಡಲು ಕಾಣಲಿಲ್ಲ. ಕಡಿಯುವವರಿಗೆ ಗೊತ್ತಾಗುವುದಿಲ್ಲವಂತೆ. ಹಾಗಾದರೆ ಆರು ವರ್ಷದ ಹುಡುಗಿ ಬೆಳ್ಳಂಬೆಳಿಗ್ಗೆ ಬಿಸ್ಕತ್ತು ಅದ್ದುತ್ತ ನಾನೇ ಕಡಿದದ್ದು ಎಂದು ಅಷ್ಟು ಖಡಾಖಂಡಿತ ಹೇಳಿದ್ದು ಹೇಗೆ? ಅವಳ ಬದಿಯಲ್ಲಿ ಮಲಗಿದ್ದವಳು ನಾನು. ನನ್ನ ಬದಿಯಲ್ಲಿ ಮಲಗಿದ್ದವಳು ಅವಳು. ಯೋಚಿಸುತ್ತ ಯೋಚಿಸುತ್ತ ನನ್ನ ನಿಲ್ದಾಣ ದಾಟಿಹೋಗಿ, ಮುಂದೆ ಇಳಿದು ಬಿಸಿಲಿನಲ್ಲಿ ನಡೆದು ಬಂದೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ, ಮನೆಯ ಮೆಟ್ಟಿಲಿನಲ್ಲಿ ನೆನಪಾಗಿ ಬಿಟ್ಟೆ.

ಕವಚ ಹಾಕಿಕೊಂಡ ಮೇಲೆ ಎರಡು ತಿಂಗಳಲ್ಲಿ ಬಾಯಿ ಮೂರು ಬೆರಳಿನಷ್ಟು ತೆರೆಯಿತು. ನೋವು ಇಳಿಯಿತು. ಆದರೆ ಅಂಗಡಿಯಲ್ಲಿ ಬೇರೆ ಪಜೀತಿ. ಪಿನ್ನು ಬಾಯಿಗೆ ಹಾಕುವಂತಿಲ್ಲ, ಮಣಿಕಟ್ಟಿಗೆ ಹತ್ತಿಯ ಮೆತ್ತೆ ಕಟ್ಟಿಕೊಂಡು ಅದಕ್ಕೆ ಚುಚ್ಚುತ್ತಿದ್ದೆ. ಬಾಯಿ ಖಾಲಿಯಾದ ಮೇಲೆ ಸುಮ್ಮನಿರುವುದು ಹೇಗೆ? ಒಬ್ಬಳು ಸೊಸೆಯ ದೂರು ಹೇಳುತ್ತಿರುವಾಗ, "ನೀವೂ ಒಂಚೂರ್ ಸುಮ್ನಿಪ್ಪುಕಾಗ್ದಾ?" ಎಂದುಬಿಟ್ಟೆ. ಅವಳು ರವಿಕೆಯನ್ನು ಅರ್ಧದಲ್ಲೇ ಬಿಚ್ಚಿಕೊಟ್ಟು ಹೋದಳು. ಜಲಜಕ್ಕನಿಗೆ ಈಗ ಬಾಯಿ ಬಂದಿದೆ ಎಂದು ಸುದ್ದಿಯಾಯಿತು.

ಮಗಳಿಗೆ ಮಾತ್ರ ಆ ಬಾಯಿಂದ ಏನೂ ಹೇಳಲಾಗಿರಲಿಲ್ಲ. ಫೋನಿನಲ್ಲಿ ಹೇಳುವುದು ಬೇಡವೆನಿಸಿತು. ಚೌತಿಯ ರಜೆಗೆ ಬಂದಳು. ನೀಲಿ ಡಬ್ಬಿ ತೆರೆದು ನೋಡಿ, "ಅಂತೂ ಸಿಕ್ಕಿಬಿದ್ದೆ ಅಲ್ದಾ?" ಎಂದು ನಕ್ಕಳು. ಕಲಿತ ಮಗಳು, ಅವಳಿಗೆ ವಿವರಿಸಬೇಕಾಗಲಿಲ್ಲ. ಜಗಲಿಯಲ್ಲಿ ಅತ್ತೆ ಕುಳಿತು ಪಂಚಕಜ್ಜಾಯಕ್ಕೆ ಎಳ್ಳು ಆರಿಸುತ್ತಿದ್ದರು. ನಾನು ಅವಳ ಎದುರು ಕುಳಿತೆ.

"ಹೆಣೆ, ಸಣ್ಣಿಪ್ಪತ್ತಿಗೆ ನೀನೇ ಹಲ್ಲ್ ಕಡದ್ದ್ ಅಂದೇಳಿ ಹೇಳ್ದ್ಯಲ್ಲ. ನಿಂಗ್ ಹ್ಯಾಂಗ್ ಗೊತ್ತಾಯ್ತ್?"

"ನಾನ್ ಕಡದ್ದಲ್ಲ ಅಮ್ಮ. ಕಡದ್ದ್ ನೀನ್. ನಂಗ್ ಆಗ್ಳೇ ಗೊತ್ತಿತ್ತ್. ಕೆನ್ನಿ ಮೇಲ್ ಕೈ ಇಟ್ರೆ ಒಂದ್ ಗಳ್ಗಿ ನಿಲ್ತಿತ್ತ್. ನೀನ್ ಸೆಕಿ ಅಂದೇಳಿ ತಳ್ತಿದ್ದೆ."

ಅವಳು ಹಾಸ್ಟೆಲಿಗೆ ಹೋದ ಮೇಲೆಯೇ ನನ್ನ ಬಾಯಿ ಸಿಕ್ಕಿಕೊಂಡದ್ದು. ಆಮೇಲೆ ಡಾಕ್ಟರಲ್ಲಿ ಕೇಳಿದಾಗ, ಕೈ ಇಟ್ಟರೆ ಕಡಿಯುವುದು ನಿಲ್ಲುತ್ತದೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು ಎಂದರು. ಅದೊಂದು ಹಾಗೇ ಉಳಿಯಿತು.

"ಮತ್ತೆಂತಕ್ ನಾನ್ ಅಂದೆ? ಮೂರ್ ವರ್ಷ ಆ ರಸ ಎಂತಕ್ ಕುಡ್ದೆ? ಒಂದ್ ಮಾತ್ ಹೇಳೂಕಾಗ್ದಿತ್ತಾ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತ ಏನೂ ವಿಶೇಷವಿಲ್ಲವೆಂಬಂತೆ ಹೇಳಿದಳು. "ಅಜ್ಜಿ ಹೇಳಿದ್ರಲ್ಲ, ಹೆಂಗ್ಸ್ರ್ ಹಲ್ಲ್ ಕಡದ್ರೆ ಗಂಡನ್ಗ್ ಆಪ್ದಲ್ಲ ಅಂದೇಳಿ. ಅಪ್ಪಯ್ಯಂಗ್ ಎಂತಾರೂ ಆದ್ರೆ? ನಂಗ್ ಗಂಡ ಇರ್ಲಿಲ್ಲ ಅಲ್ದಾ? ನಾನ್ ಅಂದ್ರೆ ಯಾರಿಗೂ ಎಂತದ್ದೂ ಆಪ್ದಿಲ್ಲ ಅಂದ್ಕಂಡೆ."

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಬೊಂಬಾಯಿಯಲ್ಲಿ ಅವಳ ಅಪ್ಪಯ್ಯನಿಗೆ ಏನೂ ಆಗಿರಲಿಲ್ಲ, ಹೊಟ್ಟೆ ಬಂದದ್ದೊಂದು ಬಿಟ್ಟರೆ. ನಾನು ಭಾನುವಾರ ಬೇಕರಿಯ ಫೋನಿಗೆ ಕಿವಿಗೊಟ್ಟು ಹೆದರಿ ಕೂತಿದ್ದ ಆ ದಿನಗಳಲ್ಲಿ ಇನ್ನೊಂದು ಜೀವವೂ ಹಾಗೇ ಹೆದರಿ ಕೂತಿತ್ತು, ನನಗದು ತಿಳಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ಬಾವಿಕಟ್ಟೆಗೆ ಹೋಗಿ ಹಾಗಲ ಸೊಪ್ಪು ಕೊಯ್ದು ತಂದೆ. ಕುಟ್ಟಿ, ಬಟ್ಟೆಯಲ್ಲಿ ಹಿಂಡಿ, ಚೂರು ಉಪ್ಪು ಹಾಕಿದೆ. ಅದೇ ಸಣ್ಣ ಲೋಟ. ಮೂರು ವರ್ಷ ಕುಡಿಸಿದ ನಾನು ಒಂದು ದಿನವೂ ಅದನ್ನು ನಾಲಗೆಗೆ ಮುಟ್ಟಿಸಿ ನೋಡಿರಲಿಲ್ಲ. ಅತ್ತೆ ಬಾಗಿಲಿನಲ್ಲಿ ನಿಂತು ಮೂಗೆಳೆದು, "ಇದ್ ಹಾಗಲ ಸೊಪ್ಪಲ್ದಾ? ಯಾರಿಗ್ ಹುಳ?" ಎಂದು ಕೇಳಿದರು.

"ಅಮ್ಮಂಗ್ ಅಜ್ಜಿ!" ಎಂದು ಶ್ರುತಿ ಅವರ ಕಿವಿಯ ಹತ್ತಿರ ಕೂಗಿದಳು.

"ಹಾಂಗಾರೆ ಸಿಹಿ ಕೊಡ್ಬೇಡ" ಎಂದು ಅತ್ತೆ ಹೊರಟುಹೋದರು.

ಲೋಟ ಎತ್ತಿದೆ. ಒಂದು ಗುಟುಕು ಒಳಗೆ ಹೋಯಿತು. ಎರಡನೆಯದು ಗಂಟಲಿನಲ್ಲಿ ನಿಂತು ವಾಪಸು ಬರುತ್ತೇನೆಂದಿತು. ಕಿವಿಯವರೆಗೂ ಕಹಿ. "ಮೂಗ್ ಹಿಡ್ಕೊ ಅಮ್ಮ, ಕಾಣ್ಕಂಡ್ ಕೂಕಣ್ಬೇಡ" ಎಂದಳು ಮಗಳು. ಮೂಗು ಹಿಡಿದು, ಕಣ್ಣು ಮುಚ್ಚಿ ಕುಡಿದೆ. ಕಣ್ಣು ಬಿಟ್ಟಾಗ ಅವಳ ಅಂಗೈಯಲ್ಲಿ ಒಂದು ಚೂರು ಬೆಲ್ಲವಿತ್ತು.

"ತಕೋ, ತಿನ್. ಅಜ್ಜಿಗ್ ಹೇಳ್ತಿಲ್ಲ."

ಬೆಲ್ಲ ಬಾಯಿಗೆ ಹಾಕಿಕೊಂಡೆ. ಅವಳೆದುರು ತಪ್ಪೊಪ್ಪಿಕೊಳ್ಳಲು ರಾತ್ರಿಯಿಡೀ ಕೂತು ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. ಅವತ್ತು ನನ್ನ ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ.